ಸುತ್ತ ಒಂದು ಕೂದಲು

ತಲೆ ಮೇಲೆ ಹೆಸರಿಗೂ ಒಂದು ಕೂದಲಿಲ್ಲದ ಮನುಷ್ಯ, ಬಾಯಿ ತೆರೆದರೆ ಬರೀ ಕೂದಲಿನ ಮಾತು. ವಾಲ್ವಿನ ಸಂದಿ ಒಂದು ಕೂದಲು ಜಾಸ್ತಿಯಾಯ್ತು, ಬೆಲ್ಟು ಅರ್ಧ ಕೂದಲು ಬಿಗಿಯಾಯ್ತು, ಊಟಕ್ಕೆ ಕೂತರೆ ಉಪ್ಪು ಒಂದು ಕೂದಲು ಕಡಿಮೆಯಾಯ್ತು. ಎದುರಿಗೆ ಎಲ್ಲರೂ ಮೇಸ್ತ್ರಿ ಅನ್ನೋರು; ಬೆನ್ನು ತಿರುಗಿಸಿದ ಕೂಡಲೇ ಬೋಳು ಮೇಸ್ತ್ರಿ. ಅವನಿಗೂ ಅದು ಗೊತ್ತು. "ಬೋಳಾದ್ರೇನಂತೆ, ಬಿಸಿಲಿಗೆ ಮಿಂಚುತ್ತಲ್ಲ, ದೂರದಿಂದಲೇ ಶೆಡ್ಡು ಗುರುತು ಸಿಗುತ್ತೆ" ಅಂದು ತಾನೇ ತಲೆ ಸವರಿಕೊಳ್ಳೋನು.

ಕೂದಲಿನ ಮಾತು ಅವನು ಹುಟ್ಟಿಸಿದ್ದಲ್ಲ, ಕಸುಬು ಕಲಿಸಿದ ಗುರುವಿನಿಂದ ಬಂದದ್ದು. ಆ ಕಾಲಕ್ಕೆ ಶೆಡ್ಡಿನಲ್ಲಿದ್ದದ್ದು ಒಂದೇ ಮೈಕ್ರೋಮೀಟರ್. ಅದೂ ಒಮ್ಮೆ ನೆಲಕ್ಕೆ ಬಿದ್ದ ಮೇಲೆ ಮಾತಿಗೆ ತಪ್ಪುವ ನೆಂಟನಂತಾಗಿತ್ತು. ಹಾಗಾಗಿ ಸಣ್ಣ ಸಂದಿ ಏನೇ ಇರಲಿ, ಗುರುವಿನ ದೊಡ್ಡ ಮಗಳ ಬಾಚಣಿಗೆಯಿಂದ ಎಳೆ ಬರಬೇಕು. ಸಂದಿಯೊಳಗೆ ಎಳೆ ಇಟ್ಟು ಮೆಲ್ಲಗೆ ಎಳೆದರೆ, ಹರಿಯಲೂ ಬಾರದು, ಜಾರಲೂ ಬಾರದು, ತಡೆದು ತಡೆದು ಬರಬೇಕು. ವಾಲ್ವಿನ ಕೆಲಸ ಇದ್ದಾಗ ಎಳೆ ತರೋದಕ್ಕೆ ಓಡುತ್ತಿದ್ದದ್ದು ನಮ್ಮ ಮೇಸ್ತ್ರಿಯೇ, ಆಗ ಅವನಿಗೆ ಇಪ್ಪತ್ತರ ಆಸುಪಾಸು. ಹಿತ್ತಲ ಬಾಗಿಲಲ್ಲಿ ನಿಂತು ತಲೆ ತಗ್ಗಿಸಿ "ಒಂದೆಳೆ" ಅಂದರೆ, ಒಳಗಿನಿಂದ ಒಂದು ಕೈ ಬಂದು ಒಂದೆಳೆ ಕೊಟ್ಟು ಹೋಗೋದು. ಹೀಗೇ ಎರಡು ವರ್ಷ ನಡೆದು, ಕೂದಲು ಕೇಳೋಕೆ ಹೋದವನು ಕೊನೆಗೆ ಹುಡುಗಿಯನ್ನೇ ಕೇಳಿಕೊಂಡು ಬಂದ.

ಆದರೆ ಸಿಲಿಂಡರ್ ಕೊರೆಯುವ ಕೆಲಸಕ್ಕೆ ಮಾತ್ರ ಗುರು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಎಳೆಯನ್ನೂ ತಾನೇ ಹೋಗಿ ತಂದು, ಬೆನ್ನು ತಿರುಗಿಸಿ ಕೂತು ಮಾಡೋನು. ಅದು ಕಸುಬಿನ ಗುಟ್ಟು. ಸಿಲಿಂಡರಿನ ಗೋಡೆಗೂ ಒಳಗೆ ಓಡಾಡುವ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನೋದರಲ್ಲೇ ಇಂಜಿನ್ನಿನ ಜೀವ ಇರೋದು. ಜಾಸ್ತಿ ಬಿಟ್ಟರೆ ಆಯಿಲ್ ಕುಡಿದು ಹೊಗೆ ಉಗುಳುತ್ತೆ. ಕಡಿಮೆ ಬಿಟ್ಟರೆ ಬಿಸಿಗೆ ಪಿಸ್ಟನ್ ಉಬ್ಬಿ ಗೋಡೆ ಕಚ್ಚಿಕೊಂಡು, ಓಡೋ ಗಾಡಿ ನಿಂತಲ್ಲೇ ಕಲ್ಲಾಗುತ್ತೆ.

ಗುರು ತೀರಿಕೊಂಡ ಮೇಲೆ ಬಿಚ್ಚಿ ಜೋಡಿಸುವ ಕೆಲಸ ಅಳಿಯನ ಪಾಲಿಗೆ ಬಂತು, ಕೊರೆಯುವ ಮಷಿನ್ನು ಚಿಕ್ಕ ಮಗಳ ಪಾಲಿಗೆ. ಅಪ್ಪನ ಕೊನೆಯ ಆರು ವರ್ಷ ಪಕ್ಕದಲ್ಲೇ ನಿಂತು ಕಲಿತವಳು ಅವಳು. ಎರಡು ಕೋಣೆಗಳ ನಡುವೆ ಒಂದು ತಗಡಿನ ಗೋಡೆ. ಆ ಗೋಡೆಯಾಚೆಗೂ ಈಚೆಗೂ ಬಾವ ನಾದಿನಿಯರ ಕಾಲೆಳೆಯುವ ಮಾತು ದಿನವಿಡೀ ಹಾರಾಡೋದು. ಕಂಪನಿಗಳ ಪುಸ್ತಕ ಬಂದ ಮೇಲೆ ಸಿಲಿಂಡರಿನ ಅಳತೆಯನ್ನು ಚೀಟಿಯಲ್ಲಿ ಅಂಕಿಯಾಗಿ ಬರೆದು ಕಳಿಸೋದು ರೂಢಿಯಾಗಿತ್ತು. ಕೂದಲು ಬಾಯಿಮಾತಾಗಿ ಉಳಿದಿತ್ತು, ಅಷ್ಟೇ.

ಹೀಗಿರುವಾಗ ಶೆಡ್ಡಿಗೆ ಸಿಸ್ಟರಮ್ಮ ಬಂದಳು.

ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತಳಾದ ಹೆಂಗಸು. ಔಷಧಿ ಕೊಡೋ ಮೊದಲು ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ಓದೋಳು, ಮನೆ ಬೀಗವನ್ನು ಮೂರು ಸಲ ಜಗ್ಗೋಳು. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಮೂರು ಸಲದ ಸಿಸ್ಟರ್. ಅವಳ ಹಿಂದೆ ಲಾರಿಯ ಮೇಲೆ ಬಂದದ್ದು ಅವಳ ಅಪ್ಪನ ಗಾಡಿ: ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮೂತಿ ಉದ್ದ, ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿದ ಬೆಕ್ಕಿನ ಹಾಗೆ. ಒಂದು ಕಾಲಕ್ಕೆ ಹಸಿರು ಬಣ್ಣವಂತೆ. ಈಗ ಹಸಿರಿಗಿಂತ ತುಕ್ಕೇ ಹೆಚ್ಚು.

ನಾದಿನಿ ಕೈ ಒರೆಸಿಕೊಳ್ಳುತ್ತಾ ಆಚೆ ಬಂದು ನೋಡಿದಳು. "ಬಾವ, ನಿಮಗೆ ತಕ್ಕ ಜೋಡಿ. ಇದಕ್ಕೂ ತಲೆ ಮೇಲೆ ಏನೂ ಇಲ್ಲ."

ಸಿಸ್ಟರಮ್ಮ ನಗಲಿಲ್ಲ. ಮೇಸ್ತ್ರಿ ಕೊಟ್ಟ ಸ್ಟೂಲಿನ ತುದಿಯಲ್ಲಿ ಕೂತು ನೇರ ವಿಷಯಕ್ಕೆ ಬಂದಳು.

"ಮೇಸ್ತ್ರಿಗಳೇ, ಗಾಡಿ ಓಡಿದ್ರೆ ಸಂತೋಷ. ಓಡದಿದ್ರೂ ಪರವಾಗಿಲ್ಲ. ನನಗೆ ಒಂದು ವಿಷಯ ಗೊತ್ತಾಗ್ಬೇಕು. ಇದು ಯಾಕೆ ಸತ್ತಿತು?"

ಅವಳ ಅಪ್ಪ ಫೋಟೋ ಸ್ಟುಡಿಯೋ ಇಟ್ಟವನು. ಭಾನುವಾರಕ್ಕೊಮ್ಮೆ ಗಾಡಿ ತೆಗೆಯೋನು. ಹೊರಡೋ ಮೊದಲು ಆಯಿಲ್ ಕಡ್ಡಿ ಎಳೆದು ಮಟ್ಟ ನೋಡೋದು ಹದಿನೇಳರ ಮಗಳ ಕೆಲಸ. ಎಲ್ಲೋ ಇಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸಿಕೊಂಡು ಬಂದು ಮೂರು ವಾರವಾಗಿತ್ತು. ಆ ಭಾನುವಾರ ಅವಳು ಕಡ್ಡಿ ಎಳೆದಳು, ಒರೆಸಿದಳು, ಅಷ್ಟರಲ್ಲಿ ಗೆಳತಿ ಕೂಗಿದಳು. ಕಡ್ಡಿಯನ್ನು ಮತ್ತೆ ಅದ್ದಿ ನೋಡಿದಳೋ, ಹಾಗೇ ಸಿಕ್ಕಿಸಿದಳೋ, ನೆನಪಿಲ್ಲ. ಏರಿನಲ್ಲಿ ಗಾಡಿ ಕಿರ್ರೆಂದು ನಿಂತೇಹೋಯಿತು. ಅಪ್ಪ ಕೆಳಗಿಳಿದು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಒಂದೇ ಮಾತು ಕೇಳಿದ: "ಆಯಿಲ್ ನೋಡಿದ್ಯೇನಮ್ಮಾ?" ಅವಳು ಹೂಂ ಅಂದಳು. ಆಮೇಲೆ ಅವನು ಆ ಗಾಡಿಯ ಹೆಸರೆತ್ತಲಿಲ್ಲ. ತಳ್ಳಿಸಿಕೊಂಡು ಬಂದು ಕೊಟ್ಟಿಗೆಗೆ ಹಾಕಿ ಬಾಗಿಲೆಳೆದ.

"ನಲವತ್ತೊಂದು ವರ್ಷ ಆಯ್ತು. ನನ್ನ ಕೈಯಿಂದಲೇ ಹೋಯ್ತಾ, ಇಲ್ವಾ, ಅದನ್ನ ಹೇಳಿ. ಸಮಾಧಾನಕ್ಕೆ ಅಂತ ಏನಾದ್ರೂ ಹೇಳ್ಬೇಡಿ. ಸಮಾಧಾನ ಹೇಳೋದು ನನ್ನ ಕಸುಬಾಗಿತ್ತು, ನನಗೆ ಗೊತ್ತಾಗಿಬಿಡುತ್ತೆ."

"ಬಿಚ್ಚಿ ನೋಡದೆ ನಾನೇನೂ ಹೇಳೋನಲ್ಲ ಸಿಸ್ಟರ್. ನೋಡಿದ ಮೇಲೆ ಮುಚ್ಚಿಡೋನೂ ಅಲ್ಲ" ಅಂದ ಮೇಸ್ತ್ರಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೋಗಲಿ ಬಿಡಿ, ಆಗ ಅವನಿಗೇನು ಗೊತ್ತು.

ಇಂಜಿನ್ ಬಿಚ್ಚೋದಕ್ಕೇ ಹನ್ನೆರಡು ದಿನ ಹಿಡಿಯಿತು. ಪಿಸ್ಟನ್ನುಗಳು ನಾಲ್ಕೂ ಗೋಡೆಗೆ ಕಚ್ಚಿ ಕೂತಿದ್ದವು. ದಿನಾ ಒಂದಿಷ್ಟು ಸೀಮೆಎಣ್ಣೆ ಹೊಯ್ದು, ಮರದ ತುಂಡಿಟ್ಟು, ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟಿದಂತೆ ತಟ್ಟಿ ತಟ್ಟಿ ಹೊರತಂದ. ಕೆಳಗಿನ ಆಯಿಲ್ ತೊಟ್ಟಿ ಒಣಗಿತ್ತು; ಇಷ್ಟು ವರ್ಷದಲ್ಲಿ ಇದ್ದದ್ದೆಲ್ಲ ಸೋರಿಹೋಗಿರಬಹುದು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಆದರೆ ಬೇರಿಂಗುಗಳನ್ನು ಬಿಚ್ಚಿದಾಗ ಮೇಸ್ತ್ರಿ ಅವನ್ನು ಬೆಳಕಿಗೆ ಹಿಡಿದು ನೋಡಿದ. ಹೊಚ್ಚಹೊಸವು, ಕನ್ನಡಿಯಂತೆ ನುಣ್ಣಗೆ.

"ನೋಡಮ್ಮ ಇಲ್ಲಿ" ಅಂದು ನಾದಿನಿಯನ್ನು ಕರೆದ. "ಆಯಿಲ್ ಇಲ್ಲದೆ ಸತ್ತ ಇಂಜಿನ್ನಿನಲ್ಲಿ ಮೊದಲು ಹೋಗೋದು ಬೇರಿಂಗು. ಕರಗಿ ಬೆಣ್ಣೆ ಆಗಿರ್ಬೇಕಿತ್ತು. ಇದಕ್ಕೆ ಒಂದು ಗೀರೂ ಇಲ್ಲ."

"ಹಾಗಾದ್ರೆ ಆ ಸಿಸ್ಟರ್ ತಪ್ಪಲ್ಲ."

"ಅಲ್ಲ ಅಂತ ಕಾಣುತ್ತೆ. ಮತ್ತೆ ಯಾಕೆ ಸತ್ತಿತು? ಅದು ಗೊತ್ತಾಗದೆ ಅರ್ಧಂಬರ್ಧ ಹೇಳ್ಬಾರದು." ಮೇಸ್ತ್ರಿ ನಟ್ಟುಗಳನ್ನು ಬೆರಳಲ್ಲಿ ಉರುಳಿಸಿದ. "ಜೋಡಿಸಿದವನ ಕೈ ಮಾತ್ರ ಚೆನ್ನಾಗಿದೆ ನೋಡು. ಒಂದೊಂದು ನಟ್ಟಿನ ಮೂಲೆಯೂ ಕೆಟ್ಟಿಲ್ಲ. ಯಾವ ಪುಣ್ಯಾತ್ಮನೋ, ಕೆಲಸ ಬಲ್ಲವನು."

ಹಳೆಯ ಪಿಸ್ಟನ್ನುಗಳು ತುಕ್ಕು, ಮಸಿ ಮೆತ್ತಿಕೊಂಡು ಕರಿ ಮುದ್ದೆಗಳಂತಿದ್ದವು. ಅಚ್ಚಿಗೆಂದು ಅಗಲ, ಉದ್ದ ಅಳೆದುಕೊಂಡು, ಅವನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿ ಮೂಲೆಗಿಟ್ಟ. ಅದೇ ನಮೂನೆಯವನ್ನು ಸ್ವಲ್ಪ ದೊಡ್ಡದಾಗಿ ಎರಕ ಹೊಯ್ಯಿಸಿ ತರಿಸಿದ. ಓಟದ ಗಾಡಿಯ ಪಿಸ್ಟನ್ನು, ದಪ್ಪ ಮೈಯದು. ಇನ್ನು ಇಂಜಿನ್ನಿನ ಮೈಯಾದ ಬ್ಲಾಕಿನ ನಾಲ್ಕು ಸಿಲಿಂಡರನ್ನೂ ಆ ಅಳತೆಗೆ ಕೊರೆಯಬೇಕು. ಗೋಡೆ ಆಗಲೇ ತೆಳ್ಳಗಾಗಿತ್ತು. ಇದೇ ಕೊನೆಯ ಸಲ, ಇದರ ಮೇಲೆ ಕೊರೆದರೆ ಬ್ಲಾಕು ಗುಜರಿಗೆ. ಈ ಗಾಡಿಗೆ ಪುಸ್ತಕವಿರಲಿಲ್ಲ, ಬರೆದು ಕಳಿಸಲು ಅಂಕಿಯಿರಲಿಲ್ಲ. ಮೇಸ್ತ್ರಿ ಹಳೇ ಅಭ್ಯಾಸದಂತೆ ತಗಡಿನ ಗೋಡೆಯಾಚೆಗೆ ಕೂಗಿದ: "ಒಂದು ಕೂದಲು ಬಿಡಮ್ಮ, ಸಾಕು!"

"ಆಯ್ತು ಬಾವ!"

ಮಾರನೇ ದಿನ ಬೆಳಿಗ್ಗೆ ಮೊದಲ ಸಿಲಿಂಡರ್ ಮುಗಿದಿತ್ತು. ಮೇಸ್ತ್ರಿ ಹೋಗಿ ಅಳೆದ. ಒರೆಸಿ ಇನ್ನೊಮ್ಮೆ ಅಳೆದ. 

"ಏನಮ್ಮ ಮಹರಾಯ್ತಿ, ಒಂದು ಕೂದಲು ಅಂದ್ರೆ ಎರಡು ಕೊರೆದಿದ್ದೀಯಲ್ಲ!"

"ಒಂದೇ ಕೊರೆದಿರೋದು."

"ಹಾಗಾದ್ರೆ ಮೈಕ್ರೋಮೀಟರ್ ಸುಳ್ಳು ಹೇಳುತ್ತಾ?"

"ಈ ಕಡೆ ಒಂದು, ಆ ಕಡೆ ಒಂದು. ಸುತ್ತ ಒಂದು ಕೂದಲು. ಕೂದಲು ಅಂದ್ರೆ ಸುತ್ತ ಅಲ್ವಾ?"

"ಯಾರ ಲೆಕ್ಕ ಅದು? ಕೂದಲು ಅಂದ್ರೆ ಒಟ್ಟು! ಪಿಸ್ಟನ್ನನ್ನ ಒಂದು ಕಡೆ ಒರಗಿಸಿದ್ರೆ ಇನ್ನೊಂದು ಕಡೆ ಉಳಿಯೋ ಜಾಗ."

"ನಿಮ್ಮ ತಲೆ ಮೇಲೆ ಇದ್ದಿದ್ರೆ ಗೊತ್ತಿರ್ತಿತ್ತು ಬಾವ, ಕೂದಲು ಸುತ್ತ ಇರುತ್ತೆ ಅಂತ. ಅಪ್ಪ ನನಗೆ ಕಲಿಸಿದ್ದೇ ಹಾಗೆ."

ತಮಾಷೆ ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. "ಮಾವ ನನಗೂ ಕಲಿಸಿದವರೇ. ನೀನು ಹುಟ್ಟಿ ಹಲ್ಲು ಬರೋ ಮೊದಲಿಂದ ಈ ಶೆಡ್ಡಿನಲ್ಲಿದ್ದೀನಿ. ಬ್ಲಾಕು ಹೋಯ್ತಲ್ಲಮ್ಮ! ಮಷಿನ್ ನಿಲ್ಲಿಸು." ನಾದಿನಿಯ ಮುಖ ಸಪ್ಪಗಾಯಿತು. ಅವಳು ಸ್ವಿಚ್ಚು ಆರಿಸಿ ತನ್ನ ಪಾಡಿಗೆ ತಾನು ಕಬ್ಬಿಣದ ಪುಡಿ ಗುಡಿಸತೊಡಗಿದಳು. ಹಾಗೆ ಬಾಯಿ ಮುಚ್ಚಿಕೊಂಡಿರೋ ಹೆಂಗಸಲ್ಲ ಅವಳು. ಅದು ಅವನಿಗೆ ಬ್ಲಾಕಿಗಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಮನೆಗೆ ಹೋಗಿ ತಟ್ಟೆ ಮುಂದೆ ಕೂತ. ಉಪ್ಪಿನ ಮಾತೇ ಬಾರದಿದ್ದಾಗ ಹೆಂಡತಿಗೆ ಅನುಮಾನ ಬಂತು. ಏನಾಯ್ತು ಅಂತ ಕೇಳಿದಳು. ಹೇಳಿದ.

"ಅಯ್ಯೋ, ಅವಳು ಹೇಳಿದ್ದು ಸರಿಯಾಗೇ ಇದೆಯಲ್ಲ" ಅಂದಳು ಹೆಂಡತಿ. "ವಾಲ್ವಿಗೆ ಅಂತ ನೀವು ಬಂದ್ರೆ ಒಂದೆಳೆ ಇಸ್ಕೊಂಡು ಹೋಗ್ತಿದ್ರಿ. ಸಿಲಿಂಡರಿಗೆ ಅಂತ ಅಪ್ಪ ಬಂದ್ರೆ ಎರಡೆಳೆ. ಎದುರುಬದುರು ಇಡಬೇಕು ಅನ್ನೋರು. ಎರಡರಲ್ಲಿ ಒಂದು ತೆಳ್ಳಗಿದ್ರೆ ಬೈದು ವಾಪಸ್ ಕಳಿಸೋರು. ನನ್ನ ತಲೆ, ನನಗೆ ಗೊತ್ತಿಲ್ವಾ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಯಾವಾಗ ಕೇಳಿದ್ರಿ? ಒಂದು ಕೇಳಿದ್ರಿ, ಒಂದು ಕೊಟ್ಟೆ. ಎರಡು ಕೇಳೋ ಧೈರ್ಯ ನಿಮಗೆಲ್ಲಿತ್ತು?"

ಮೇಸ್ತ್ರಿ ಅರ್ಧ ಊಟಕ್ಕೇ ಕೈ ತೊಳೆದ. ಹಾದಿಯುದ್ದಕ್ಕೂ ಒಂದು ಹಳೆಯ ನೆನಪು ಕಾಲಿಗೆ ತೊಡರುತ್ತಿತ್ತು. ಅವನಿಗೆ ಇಪ್ಪತ್ತೊಂದಾಗಿದ್ದಾಗ ಗುರು ಜ್ವರ ಬಂದು ಎರಡು ವಾರ ಮಲಗಿದ್ದ. ಆಗ ಕೈಗಾಡಿಯ ಮೇಲೆ ಬರೀ ಇಂಜಿನ್ ಒಂದು ಬಂದಿತ್ತು. ಅದರ ಮಾಲೀಕನನ್ನಾಗಲಿ ಗಾಡಿಯನ್ನಾಗಲಿ ಅವನು ಕಂಡಿರಲಿಲ್ಲ. ಗುರು ಹಾಸಿಗೆಯಿಂದಲೇ ಹೇಳಿದ್ದ: "ನೀನೇ ಕೊರೆಯೋ. ಒಂದು ಕೂದಲು ಬಿಡು." ಅವನ ಕೈಯಿಂದ ಆದ ಮೊಟ್ಟಮೊದಲ ಸಿಲಿಂಡರ್ ಕೆಲಸ. ಹಿಗ್ಗೋ ಹಿಗ್ಗು. ಆ ಹಿಗ್ಗಿಗೆ ಪಿಸ್ಟನ್ನುಗಳ ಒಳಗಡೆ ಮೊಳೆಯಿಂದ ಪುಟ್ಟ ಅರ್ಧಚಂದ್ರ ಗೀಚಿದ್ದ, ತನ್ನ ಕೈಗುರುತು ಅಂತ. ಇಂಜಿನ್ ಹೋದ ಮೇಲೆ ಗುರು ಎದ್ದು ಬಂದು, ಗುರುತಿನ ಸುದ್ದಿ ಕೇಳಿ, "ಚಂದ್ರನನ್ನ ಬಿಡಿಸೋಕೆ ನೀನೇನು ಆಕಾಶವೇನೋ?" ಅಂತ ನಕ್ಕಿದ್ದ. ಅವನು ಆಮೇಲೆಂದೂ ಆ ಗುರುತು ಹಾಕಲಿಲ್ಲ.

ಶೆಡ್ಡಿಗೆ ಬಂದವನೇ ಡಬ್ಬಿಯಿಂದ ಒಂದು ಪಿಸ್ಟನ್ ಎತ್ತಿದ. ಇಷ್ಟು ದಿನ ನೆಂದು ಮಸಿ ಮೆತ್ತಗಾಗಿತ್ತು. ಹೊರಮೈ ಉಜ್ಜಿದ. ತುಕ್ಕು ಹೋದ ಮೇಲೆ ನಾಲ್ಕು ಕಡೆ ಉದ್ದುದ್ದ ಉಜ್ಜಿದ ಗಾಯ ಕಂಡಿತು. ಜಾಗ ಸಾಲದೆ ಉಬ್ಬಿ ಕಚ್ಚಿಕೊಂಡ ಪಿಸ್ಟನ್ನಿನ ಗುರುತು ಅದು, ಬೇರೆ ಯಾವುದರದ್ದೂ ಅಲ್ಲ. ಆಮೇಲೆ ಒಳಗೆ ಬಟ್ಟೆ ಹಾಕಿ ಒರೆಸಿದ. ಒಂದು ಸಲ, ಎರಡು ಸಲ. ಬಿಳಿ ಲೋಹದ ಮೇಲೆ ಅರ್ಧಚಂದ್ರ ಮೂಡಿತು.

ನಾದಿನಿ ಬಂದು ಹಿಂದೆ ನಿಂತದ್ದು ಅವನಿಗೆ ತಿಳಿಯಲಿಲ್ಲ.

"ಏನದು ಬಾವ?"

"ಆ ಪುಣ್ಯಾತ್ಮ ಸಿಕ್ಕಿದ" ಅಂದ ಮೇಸ್ತ್ರಿ. ಎಲ್ಲ ಹೇಳಿದ. ಒಂದೆಳೆ ಇಟ್ಟು ಕೊರೆದದ್ದು, ಎರಡು ಇಡಬೇಕಿದ್ದದ್ದು. ಮೂರು ವಾರ ಓಡಿದ ಇಂಜಿನ್ ಮೊದಲ ಏರಿನಲ್ಲಿ ಕಾದು ಕಚ್ಚಿಕೊಂಡು ಸೀಜಾದದ್ದು. ಆಯಿಲ್ ಇತ್ತು, ತುಂಬಾ ಇತ್ತು. ಎಷ್ಟಿದ್ದರೂ ಉಳಿಯುತ್ತಿರಲಿಲ್ಲ. "ನೀನು ಕೊರೆದಿದ್ದೇ ಸರಿಯಮ್ಮ. ಬೆಳಿಗ್ಗೆ ನಾನು ನಾಲಿಗೆ ಹರಿಬಿಟ್ಟೆ. ತಪ್ಪಾಯ್ತು."

"ಅಯ್ಯೋ ಬಿಡಿ ಬಾವ, ನಿಮ್ಮ ನಾಲಿಗೆ ನನಗೆ ಹೊಸದಾ?" ಅಂದಳು. ಪಿಸ್ಟನ್ನಿನ ಕಡೆ ನೋಡುತ್ತಾ ಕೇಳಿದಳು, "ಆ ಸಿಸ್ಟರಿಗೆ ಏನು ಹೇಳ್ತೀರಿ?"

ಅದನ್ನೇ ಅವನೂ ಯೋಚಿಸುತ್ತಿದ್ದ. ಆಯಿಲ್ ಕಾರಣ ಅಲ್ಲ ಅಂದರೆ ಅವಳ ಎದೆಯ ಕಲ್ಲು ಇಳಿಯುತ್ತೆ, ಅಷ್ಟು ಸಾಲದೇ? ಯಾರೋ ಕೊರೆದವನ ತಪ್ಪು ಅಂದರೆ ಸುಳ್ಳೂ ಆಗಲಿಲ್ಲ. 'ಯಾರೋ' ಅನ್ನೋ ಎರಡಕ್ಷರದ ಹಿಂದೆ ಒಬ್ಬ ಮನುಷ್ಯ ಆರಾಮಾಗಿ ಅಡಗಿ ಕೂರಬಹುದು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ.

"ಹೇಳಿ, ನಿಮ್ಮಿಷ್ಟ" ಅಂದಳು ನಾದಿನಿ. "ಆದ್ರೆ ಅವರು ಮೂರು ಸಲ ಕೇಳೋ ಹೆಂಗಸು. ಯಾರು, ಎಲ್ಲಿ ಅಂತ ಕೇಳೇ ಕೇಳ್ತಾರೆ. ಈ ಶೆಡ್ಡು ಅಂದ್ರೆ ಆ ಕಾಲಕ್ಕೆ ಅಪ್ಪ, ತಪ್ಪು ಅವರ ಮೇಲೇ ಹೋಗುತ್ತೆ. ಮೇಲೆ ಹೋದವರು ಬಂದು ಇದು ನನ್ನದಲ್ಲ ಅಂತಾರಾ?"

ಮೇಸ್ತ್ರಿ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟ. 

ಸಿಸ್ಟರಮ್ಮ ವಾರಕ್ಕೊಮ್ಮೆ ಬಂದು ವಿಚಾರಿಸಿಕೊಂಡು ಹೋಗೋಳು. ಈ ಸಲ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ಬಾಗಿಲಿನಿಂದ ಬಿಸಿಲು ಮೇಜಿನವರೆಗೂ ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿ ಅವಳನ್ನು ಕಂಡ ಕೂಡಲೇ ಬೋಳುತಲೆ ಒರೆಸಿಕೊಂಡ. ಸ್ಟೂಲು ಎಳೆದು ಕೊಟ್ಟು, ತಾನು ನಿಂತೇ ಇದ್ದ.

"ಸಿಸ್ಟರ್, ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಆಯಿಲ್ ಇತ್ತು. ಇದು ಬೇರಿಂಗು, ಮುಟ್ಟಿ ನೋಡಿ. ಆಯಿಲ್ ಇಲ್ಲದಿದ್ರೆ ಹೀಗೆ ನುಣ್ಣಗೆ ಇರೋದಿಲ್ಲ. ನಿಮ್ಮಿಂದ ಏನೂ ಆಗಿಲ್ಲ."

ಅವಳು ಮುಟ್ಟಿ ನೋಡಿದಳು. ಇನ್ನೊಮ್ಮೆ ಮುಟ್ಟಿದಳು.

"ಮತ್ತೆ?"

"ಇಂಜಿನ್ ಕೊರೆದವನು ಜಾಗ ಕಡಿಮೆ ಬಿಟ್ಟಿದ್ದ. ಗುರು ಹೇಳಿದ ಮಾತನ್ನ ಅರ್ಧ ಮಾತ್ರ ಅರ್ಥ ಮಾಡ್ಕೊಂಡಿದ್ದ. ಅದಕ್ಕೇ ಕಚ್ಚಿಕೊಂಡಿತು." ಪಿಸ್ಟನ್ನನ್ನು ಬಟ್ಟೆ ಬಿಚ್ಚಿ ಅವಳ ಕೈಯಲ್ಲಿಟ್ಟು ಅರ್ಧಚಂದ್ರ ತೋರಿಸಿದ. "ಇದು ಅವನ ಗುರುತು. ಅವನು ನಾನೇ ಸಿಸ್ಟರ್. ಗಾಡಿ ನಿಂತದ್ದು ನನಗಾಗಲಿ ನಮ್ಮ ಗುರುವಿಗಾಗಲಿ ಗೊತ್ತಾಗಲೇ ಇಲ್ಲ. ಗೊತ್ತಾಗಿದ್ದಿದ್ರೆ ಆವತ್ತೇ ನಿಮ್ಮ ಮನೆ ಬಾಗಿಲಿಗೆ ಬರ್ತಿದ್ದೆ ಅಂತ ಹೇಳೋಕೂ ನನಗೆ ಈಗ ಬಾಯಿಲ್ಲ. ಇಪ್ಪತ್ತೊಂದರ ವಯಸ್ಸು, ಬರ್ತಿದ್ನೋ ಇಲ್ವೋ."

ಸಿಸ್ಟರಮ್ಮ ಅರ್ಧಚಂದ್ರದ ಮೇಲೆ ಬೆರಳಾಡಿಸಿದಳು. ತಗಡಿನ ಗೋಡೆಯ ಪಕ್ಕ ನಾದಿನಿ ಬಂದು ನಿಂತಿದ್ದಳು. ಆಮೇಲೆ ಸಿಸ್ಟರಮ್ಮ ಸಿಟ್ಟಾದಳು. ಆದರೆ ಸಿಟ್ಟು ಹೊರಟದ್ದು ಮೇಸ್ತ್ರಿಯ ಕಡೆಗಲ್ಲ.

"ಅಪ್ಪನಿಗೆ ಏನಾಗಿತ್ತು? ಕಡ್ಡಿ ಅಲ್ಲೇ ಇತ್ತಲ್ಲ, ಎಳೆದು ನೋಡಿದ್ರೆ ಒಂದು ನಿಮಿಷದ ಕೆಲಸ! ಕಲ್ಲಿನ ಮೇಲೆ ಕೂತ್ಕೊಂಡು ನನ್ನ ಕೇಳಿದ್ರೇ ಹೊರತು, ಎದ್ದು ನೋಡ್ಲಿಲ್ಲ. ನೋಡಿದ್ದಿದ್ರೆ ಅವತ್ತೇ ಮುಗೀತಿತ್ತು."

 ನಾದಿನಿ ಮೆಲ್ಲಗೆ ಅಂದಳು, "ಎಳೆದು ನೋಡಿ, ಕಡ್ಡಿ ಒಣಗಿದ್ದಿದ್ರೆ ನಿಮ್ಮನ್ನ ಬೈಯಬೇಕಾಗ್ತಿತ್ತಲ್ಲ ಸಿಸ್ಟರ್. ಹೂಂ ಅಂದ ಮಗಳನ್ನ ಸುಳ್ಳುಗಾತಿ ಮಾಡಬೇಕಾಗ್ತಿತ್ತು. ಅದಕ್ಕೇ ನೋಡದೆ ಇದ್ರೋ ಏನೋ. ಅಪ್ಪಂದಿರ ಬುದ್ಧಿ, ಯಾರಿಗೆ ಗೊತ್ತು."

ಸಿಸ್ಟರಮ್ಮ ಪಿಸ್ಟನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಕಣ್ಣು ಒದ್ದೆಯಾಗಿತ್ತು, ಆದರೆ ಮುಖದ ಗಂಟು ಬಿಚ್ಚುತ್ತಾ ಬಂತು. ಕೊನೆಗೆ ಕೇಳಿದಳು.

"ಆಗ ನಿಮಗೆ ಇಪ್ಪತ್ತೊಂದು ಅಂದ್ರಲ್ಲ?"

"ಹೌದು ಸಿಸ್ಟರ್."

"ನನಗೆ ಹದಿನೇಳು." ಮೂಗು ಒರೆಸಿಕೊಂಡಳು. "ವಾರ್ಡಿನಲ್ಲಿ ಆ ವಯಸ್ಸಿನವರು ಅಡ್ಮಿಟ್ ಆದ್ರೆ, 'ಮಕ್ಕಳೇ' ಅಂತಲೇ ಕರೀತಿದ್ದೆ. ಆವತ್ತು ನಮ್ಮಿಬ್ಬರನ್ನೂ ಹಾಗೇ ಕರೀಬಹುದಿತ್ತು."

ಮೇಸ್ತ್ರಿ ತಲೆ ತಗ್ಗಿಸಿದ. ಅವಳು ಎದ್ದು ಪಿಸ್ಟನ್ನನ್ನು ಅವನ ಕೈಗೆ ಕೊಟ್ಟಳು, ಶಿಶುವನ್ನು ದಾಟಿಸುವಂತೆ ಎರಡೂ ಕೈಯಲ್ಲಿ. "ಇನ್ನು ಎಷ್ಟು ಕೊರೆಯೋದು ಬಾಕಿ ಇದೆ?"

"ಮೂರು."

"ಕೊರೀರಿ. ನಾನು ನೋಡಬೇಕು."

ನಾದಿನಿ ಒಳಗೆ ಹೋಗಿ ಬ್ಲಾಕನ್ನು ಸರಿಸಿ ಎರಡನೆಯ ಸಿಲಿಂಡರಿಗೆ ಮಷಿನ್ನು ಹೊಂದಿಸಿದಳು. ಸಿಸ್ಟರಮ್ಮ ಸ್ಟೂಲನ್ನು ತಾನೇ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಹಾಕಿ ಕೂತಳು, ಈ ಸಲ ತುದಿಯಲ್ಲಲ್ಲ, ಪೂರ್ತಿಯಾಗಿ. ಮೇಸ್ತ್ರಿ ನಿಂತು ನೋಡುತ್ತಿದ್ದ. ಕೊರೆಯುವ ಮೊನೆ ಗೋಡೆ ಮುಟ್ಟಿತು, ಬೂದು ಬಣ್ಣದ ಪುಡಿ ಸಣ್ಣಗೆ ಉದುರತೊಡಗಿತು, ಮೂವರೂ ಅದನ್ನೇ ನೋಡುತ್ತಾ ಉಳಿದರು.